ಜೀಪುಗಳಲ್ಲಿ ವಾಕಿಟಾಕಿ ಮತ್ತು ಹೊರ ಏರಿಯಲ್

ಮಲೆನಾಡಿನ ತೋಟಗಳಲ್ಲಿ ಜೀಪು ಎಷ್ಟು ಅವಶ್ಯಕವೋ, ಮಳೆಗಾಲದಲ್ಲಿ ಸುದ್ದಿಯನ್ನು ಮುಟ್ಟಿಸುವ ಸಾಧನವೂ ಅಷ್ಟೇ ಅವಶ್ಯಕವೆಂಬುದು ಅಲ್ಲಿಯ ಜಮೀನುದಾರರಿಗೂ ಗ್ರಾಮಗಳ ಮುಖಂಡರಿಗೂ ತಿಳಿದಿರುವ ಸಂಗತಿಯೇ ಸರಿ. ಮೊಬೈಲ್ ಫೋನು ಈಗ ಎಲ್ಲರ ಕೈಯಲ್ಲಿಯೂ ಇರುವುದಾದರೂ, ಕಣಿವೆಗಳಲ್ಲಿ ಅದು ಕೆಲಸಕ್ಕೆ ಬಾರದಿರುವುದೂ, ವಿದ್ಯುಚ್ಛಕ್ತಿಯು ನಿಂತೊಡನೆ ಅದರ ಗೋಪುರಗಳು ಮೂಕವಾಗುವುದೂ ಉಂಟು. 2018ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದುದನ್ನು ಯಾರೂ ಮರೆತಿರಲಾರರು. 2024ನೆಯ ಇಸವಿ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಭೂಕುಸಿತವಾದಾಗ ಹವ್ಯಾಸಿ ರೇಡಿಯೋ ನಡೆಸುವವರು ಕಲ್ಪೆಟ್ಟದಲ್ಲಿ ತಮ್ಮ ಯಂತ್ರಗಳನ್ನು ಹೂಡಿ ಸುದ್ದಿಯನ್ನು ಸಾಗಿಸಿದರು. ಇಂತಹ ಕಾಲಗಳಲ್ಲಿ ವಾಕಿಟಾಕಿಯ ಬೆಲೆಯು ಗೊತ್ತಾಗುವುದು. ಆದರೆ ವಾಕಿಟಾಕಿಯನ್ನು ಕೊಂಡು ಜೀಪಿನಲ್ಲಿಟ್ಟುಕೊಂಡ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ತಿಳಿಯತಕ್ಕದ್ದಲ್ಲ.

ಕೆಲವು ವರ್ಷಗಳ ಹಿಂದೆ, ಮಳೆ ಹಿಡಿಯುವುದಕ್ಕೆ ಮುಂಚೆ ಮರಗಸಿಯ ಕೆಲಸವು ನಡೆಯುತ್ತಿದ್ದ ಒಂದು ಕಾಫಿ ತೋಟಕ್ಕೆ ಈ ಲೇಖಕನು ಹೋಗಿದ್ದನು. ಆ ದಿನ ಒಬ್ಬ ಆಳು ಮರದಿಂದ ಬಿದ್ದು ಸೊಂಟಕ್ಕೆ ಬಲವಾದ ಪೆಟ್ಟಾಯಿತು. ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟಾಗ, ದಾರಿಗೆ ಅಡ್ಡಲಾಗಿ ಒಂದು ಮರವು ಉರುಳಿದ್ದಿತು. ಗರಗಸವನ್ನೂ ಜನರನ್ನೂ ಕಳುಹಿಸಬೇಕೆಂದು ಮೇಸ್ತ್ರಿಯು ಜೀಪಿನೊಳಗಿನಿಂದಲೇ ವಾಕಿಟಾಕಿಯಲ್ಲಿ ಮತ್ತೆ ಮತ್ತೆ ಕೂಗಿದನು. ಬಂಗಲೆಯಿಂದ ಉತ್ತರವೇ ಬಾರಲಿಲ್ಲ. ಕೊನೆಗೆ ಅವನು ಇಳಿದು, ಹಿಂದಣ ತಿರುವಿನ ದಿಣ್ಣೆಯನ್ನೇರಿ ಅದೇ ಸೆಟ್ಟಿನಲ್ಲಿ ಮಾತನಾಡಲು, ಒಂದೇ ಕೂಗಿಗೆ ಉತ್ತರವು ಬಂದಿತು. ಅಷ್ಟರಲ್ಲಿ ಅರ್ಧ ಗಂಟೆಯು ಕಳೆದುಹೋಗಿದ್ದಿತು. ಆ ಆಳಿನ ಪ್ರಾಣವು ಉಳಿಯಿತು. ಆದರೆ ಅವನು ನೋವಿನಿಂದ ನರಳುತ್ತ ಮಲಗಿದ್ದ ಆ ಅರ್ಧ ಗಂಟೆಯನ್ನು ನೋಡಿದವರು ಮರೆಯಲಾರರು. ಸೆಟ್ಟು ಕೆಟ್ಟಿರಲಿಲ್ಲ, ಬ್ಯಾಟರಿಯೂ ತುಂಬಿಯೇ ಇದ್ದಿತು. ದೋಷವಿದ್ದುದು ಸೆಟ್ಟನ್ನು ಉಪಯೋಗಿಸಿದ ಸ್ಥಳದಲ್ಲಿ.

ದೋಷದ ಕಾರಣ

ವಾಹನದ ಮೈಯು ಕಬ್ಬಿಣದ ತಗಡಿನದು. ರೇಡಿಯೋ ತರಂಗಗಳು ಲೋಹವನ್ನು ತೂರಿ ಹೋಗಲಾರವು. ಗಾಜಿನ ಕಿಟಕಿಗಳಿಂದ ಮಾತ್ರವೇ ಸ್ವಲ್ಪ ಪಾಲು ಹೊರಬೀಳುವುದು. ಹಗೇವಿನೊಳಗೆ ಇಳಿದು ಊರಿನವರನ್ನು ಕೂಗಿದರೆ ಹೇಗೋ ಇದೂ ಹಾಗೆಯೇ. 150 ಮೆಗಾಹರ್ಟ್ಸ್ ಸುಮಾರಿನ ತರಂಗದ ಉದ್ದವು 2 ಮೀಟರು. ಇದು ಕಿಟಕಿಯ ಅಗಲಕ್ಕಿಂತ ಬಹಳ ದೊಡ್ಡದಾದುದರಿಂದ ನಷ್ಟವು ಹೆಚ್ಚು. 450 ಮೆಗಾಹರ್ಟ್ಸಿನ ತರಂಗದ ಉದ್ದವು ಸುಮಾರು 67 ಸೆಂಟಿಮೀಟರಾದುದರಿಂದ ಅದು ಕಿಟಕಿಯಿಂದ ಸ್ವಲ್ಪ ಸುಲಭವಾಗಿ ಹೊರಡುವುದು. ಇದಲ್ಲದೆ, ಸೆಟ್ಟಿನ ಮೇಲಿರುವ ಗಿಡ್ಡನೆಯ ರಬ್ಬರು ಏರಿಯಲ್ ಜೇಬಿನ ಅನುಕೂಲಕ್ಕಾಗಿ ಸುರುಳಿ ಸುತ್ತಿ ಮೊಟಕು ಮಾಡಿದುದು. ಪೂರ್ಣ ಉದ್ದದ ಏರಿಯಲಿನಷ್ಟು ಕೆಲಸವನ್ನು ಅದು ಮಾಡಲಾರದು.

ಈ ನಷ್ಟವನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುವರು. 10 ಡೆಸಿಬಲ್ ನಷ್ಟವಾದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಂತೆ. ಅಂದರೆ 5 ವಾಟಿನ ಸೆಟ್ಟು ಅರ್ಧ ವಾಟಿನ ಸೆಟ್ಟಿಗೆ ಸಮನಾಗುವುದು. ಹೀಗಿರುವಲ್ಲಿ, ಹೆಚ್ಚು ವಾಟಿನ ಸೆಟ್ಟಿಗೆ ಹಣವನ್ನು ಸುರಿಯುವುದಕ್ಕಿಂತ ಏರಿಯಲನ್ನು ಜೀಪಿನ ಹೊರಗೆ ಇಡುವುದೇ ಮೇಲು. ವಾಟುಗಳು ಹೆಚ್ಚಾದರೆ ನಮ್ಮ ಮಾತು ಮಾತ್ರ ದೂರ ಹೋಗುವುದು. ಒಳ್ಳೆಯ ಏರಿಯಲಿನಿಂದ ನಮ್ಮ ಮಾತು ಹೋಗುವುದೂ ಅವರ ಮಾತು ಬರುವುದೂ ಎರಡೂ ಸುಧಾರಿಸುವುವು.

ಏರಿಯಲನ್ನು ಕೂಡಿಸುವ ಕ್ರಮ

ಸಾಮಾನ್ಯವಾಗಿ ಉಪಯೋಗಿಸತಕ್ಕದ್ದು ತರಂಗದ ನಾಲ್ಕನೆಯ ಒಂದು ಪಾಲು ಉದ್ದದ ನೆಟ್ಟನೆಯ ಕಡ್ಡಿ. 150 ಮೆಗಾಹರ್ಟ್ಸಿಗೆ ಇದು ಸುಮಾರು 47 ರಿಂದ 48 ಸೆಂಟಿಮೀಟರು, 450ಕ್ಕೆ ಸುಮಾರು 16 ಸೆಂಟಿಮೀಟರು ಆಗುವುದು. ಈ ಕಡ್ಡಿಗೆ ಕೆಳಗೆ ಲೋಹದ ಹಾಸು ಇರಲೇಬೇಕು. ಆ ಹಾಸೇ ಏರಿಯಲಿನ ಮತ್ತೊಂದು ಅರ್ಧವೆಂದು ತಿಳಿಯತಕ್ಕದ್ದು. ಆದುದರಿಂದ ಚಾವಣಿಯ ನಟ್ಟನಡುವೆಯೇ ಇದಕ್ಕೆ ಉತ್ತಮ ಸ್ಥಳ.

ಅಯಸ್ಕಾಂತದ ತಳವುಳ್ಳ ಏರಿಯಲುಗಳು ದೊರೆಯುವುವು. ಚಾವಣಿಗೆ ರಂಧ್ರವನ್ನು ಕೊರೆಯಬೇಕಾಗಿಲ್ಲವಾದುದರಿಂದ ಇವು ಅನುಕೂಲ. ಇಡುವ ಮುಂಚೆ ಧೂಳನ್ನು ಒರೆಸದಿದ್ದರೆ ಬಣ್ಣವು ಕೆರೆದುಹೋಗುವುದು. ಕ್ಯಾನ್ವಾಸ್ ಹೊದಿಕೆಯ ಜೀಪಿಗಾದರೋ ಚಾವಣಿಯಲ್ಲಿ ಲೋಹವಿಲ್ಲದ ಕಾರಣ ಬಾನೆಟ್ಟಿನ ಮೇಲೆ ಅಥವಾ ಮಡ್ಗಾರ್ಡಿನ ಮೇಲೆ ಕೂಡಿಸತಕ್ಕದ್ದು. ಟ್ರ್ಯಾಕ್ಟರಿಗೂ ಇದೇ ಕ್ರಮ. ಅಲ್ಯುಮಿನಿಯಂ ಅಥವಾ ಫೈಬರ್ ಮೈಗೆ ಅಯಸ್ಕಾಂತವು ಹಿಡಿಯದು. ಅಲ್ಲಿ ಹಿಡಿಕೆಯನ್ನು ಬೋಲ್ಟಿನಿಂದ ಬಿಗಿಯತಕ್ಕದ್ದು. ಫೈಬರಿನಲ್ಲಿ ಲೋಹದ ಹಾಸೂ ಇಲ್ಲವಾದುದರಿಂದ, ಹಾಸಿನ ಅಪೇಕ್ಷೆಯಿಲ್ಲದ ಅರ್ಧ ತರಂಗದ ಏರಿಯಲನ್ನು ಹಾಕತಕ್ಕದ್ದು.

ಏರಿಯಲಿನಿಂದ ಸೆಟ್ಟಿಗೆ ಬರುವ ಕೇಬಲಿನಲ್ಲಿಯೂ ಶಕ್ತಿಯು ಸೋರುವುದು. ಸಾಧಾರಣವಾದ ಆರ್.ಜಿ. 58 ಕೇಬಲಿನ 4 ಮೀಟರಿನಲ್ಲಿ, 150 ಮೆಗಾಹರ್ಟ್ಸಿನಲ್ಲಿ ಸುಮಾರು ಆರನೆಯ ಒಂದು ಪಾಲೂ, 450ರಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚೂ ನಷ್ಟವಾಗುವುದು. ಆದಕಾರಣ ಬೇಕಾದಷ್ಟು ಉದ್ದವನ್ನೇ ಇಟ್ಟುಕೊಳ್ಳತಕ್ಕದ್ದು. ಬಾಗಿಲಿನ ಸಂದಿನಲ್ಲಿ ಕೇಬಲು ಜಜ್ಜಿಹೋಗದಂತೆಯೂ, ಮಳೆಯ ನೀರು ಅದನ್ನು ಹಿಡಿದು ಒಳಕ್ಕೆ ಇಳಿಯದಂತೆಯೂ, ಬಾಗಿಲ ಹೊರಗೆ ಅದನ್ನು ಸ್ವಲ್ಪ ಜೋಲು ಬಿಟ್ಟು ಬಳಿಕ ಒಳಕ್ಕೆ ತರತಕ್ಕದ್ದು.

ಸೆಟ್ಟಿನ ಏರಿಯಲ್ ತಿರುಪು ಬಹಳ ಸಣ್ಣದು. ದಪ್ಪ ಕೇಬಲನ್ನು ಅದಕ್ಕೆ ನೇರವಾಗಿ ಸಿಕ್ಕಿಸಿದರೆ ಜೀಪಿನ ಕುಲುಕಾಟಕ್ಕೆ ತಿರುಪು ಕಿತ್ತುಬರುವುದು. ನಡುವೆ ಒಂದು ಗೇಣುದ್ದದ ತೆಳುವಾದ ಬಾಗುವ ಕೇಬಲನ್ನು ಹಾಕುವುದು ಕ್ಷೇಮ. ಹೊರ ಏರಿಯಲನ್ನು ಬಿಚ್ಚಿದಾಗ ಬರಿಯ ಸೆಟ್ಟಿನ ಗುಂಡಿಯನ್ನು ಎಂದಿಗೂ ಒತ್ತತಕ್ಕದ್ದಲ್ಲ. ಶಕ್ತಿಗೆ ಹೋಗಲು ದಾರಿಯಿಲ್ಲದೆ ಯಂತ್ರವು ಕೆಡಬಹುದು. ಹೊಸದಾಗಿ ಕೂಡಿಸಿದ ಏರಿಯಲನ್ನು, ಹಿಂದಿರುಗುವ ಅಲೆಯನ್ನು ಅಳೆಯುವ ಎಸ್.ಡಬ್ಲ್ಯು.ಆರ್. ಮೀಟರಿನಿಂದ ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಮೀಟರು 1.5ಕ್ಕೆ ಒಳಗೆ ತೋರಿಸಿದರೆ ಉತ್ತಮ. 2ನ್ನು ಮೀರಿದರೆ ಸರಿಪಡಿಸಬೇಕು.

ಸೆಟ್ಟಿನ ಬ್ಯಾಟರಿಯು ಸಾಮಾನ್ಯವಾಗಿ 7.4 ವೋಲ್ಟಿನದು, ಓಡುತ್ತಿರುವ ಜೀಪಿನ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟು ಇರುವುದು. ಎರಡನ್ನೂ ನೇರವಾಗಿ ಜೋಡಿಸಿದರೆ ಸೆಟ್ಟು ಸುಟ್ಟುಹೋಗುವುದು. ಆಯಾ ಸೆಟ್ಟಿಗೆ ತಕ್ಕ ಚಾರ್ಜರನ್ನೇ, ಫ್ಯೂಸಿನೊಡನೆ ಉಪಯೋಗಿಸತಕ್ಕದ್ದು.

ಎಚ್ಚರಿಕೆಗಳು

ಅಗ್ಗದ ಸೆಟ್ಟುಗಳಲ್ಲಿ ಹೊರ ಏರಿಯಲನ್ನು ಹಾಕಿದ ಮೇಲೆ ಕೇಳುವ ಶಕ್ತಿಯು ಕಡಿಮೆಯಾದಂತೆ ತೋರುವುದುಂಟು. ಪಟ್ಟಣಗಳಲ್ಲಿ ಪ್ರಬಲವಾದ ಇತರ ತರಂಗಗಳೆಲ್ಲ ಒಮ್ಮೆಲೇ ನುಗ್ಗಿ ಸೆಟ್ಟನ್ನು ಕಿವುಡು ಮಾಡುವುದೇ ಇದರ ಕಾರಣ. ಊರನ್ನು ದಾಟಿದ ಮೇಲೆ ಇದು ತಾನಾಗಿಯೇ ಸರಿಹೋಗುವುದು. ಪಿಕಪ್ ವಾಹನಗಳ ಹಿಂಭಾಗದಲ್ಲಿ ಆಳುಗಳು ನಿಂತಿರುವಾಗ, ಅವರ ಮುಖದ ಬಳಿಯಲ್ಲಿರುವ ಏರಿಯಲಿನಿಂದ ಮಾತನ್ನು ಕಳುಹಿಸತಕ್ಕದ್ದಲ್ಲ; ಆಗ ಅದನ್ನು ಮುಟ್ಟಲೂಬಾರದು. ವಾಹನವನ್ನು ನಡೆಸುವವನು ಮಾತನಾಡಬೇಕಾದರೆ ನಿಲ್ಲಿಸಿ ಮಾತನಾಡುವುದೇ ಲೇಸು.

ಏರಿಯಲ್ ಎಷ್ಟು ಒಳ್ಳೆಯದಾದರೂ ಗುಡ್ಡವನ್ನು ತೂರಲಾರದು. ಬಯಲಿನಲ್ಲಿ 2 ಮೀಟರು ಎತ್ತರದ ಎರಡು ಏರಿಯಲುಗಳಿಗೆ ಭೂಮಿಯ ಬಾಗುವಿಕೆಯಿಂದ ಸುಮಾರು 11 ರಿಂದ 12 ಕಿಲೋಮೀಟರೇ ಮಿತಿ. ಬಂಗಲೆಯ ಏರಿಯಲನ್ನು 12 ಮೀಟರಿಗೆ ಏರಿಸಿದರೆ ಈ ಮಿತಿಯು ಸುಮಾರು 20 ಕಿಲೋಮೀಟರಾಗುವುದು. ಮಲೆನಾಡಿನಲ್ಲಿ ಇದಕ್ಕಿಂತ ಬಹಳ ಕಡಿಮೆಯೇ ಆದರೂ, ಎತ್ತರದಿಂದ ಲಾಭವೆಂಬುದು ನಿಶ್ಚಯ. ಬಂಗಲೆಯ ಕಂಬಕ್ಕೆ ಭೂಸಂಪರ್ಕವನ್ನು ಕೊಡಿಸಿ, ಗುಡುಗು ಮೂಡುವುದಕ್ಕೆ ಮುಂಚೆಯೇ ಕೇಬಲನ್ನು ಸೆಟ್ಟಿನಿಂದ ಬಿಡಿಸಿ ಮನೆಯ ಹೊರಗೆ ಇಡತಕ್ಕದ್ದು.

ಕಾನೂನಿನ ವಿಷಯ

2018ನೆಯ ಇಸವಿಯ ನಿಯಮಗಳ ಮೇರೆಗೆ 446.0 ರಿಂದ 446.2 ಮೆಗಾಹರ್ಟ್ಸಿನೊಳಗಿನ ಅಲ್ಪಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸು ಬೇಕಾಗಿಲ್ಲ. ಆದರೆ ಈ ವಿನಾಯಿತಿಯು ಅಲ್ಪಶಕ್ತಿಯ ಷರತ್ತಿಗೆ ಒಳಪಟ್ಟುದು. ಅಂತಹ ಸೆಟ್ಟಿಗೆ ಹೊರ ಏರಿಯಲನ್ನು ಸೇರಿಸಿ ಬಲವನ್ನು ಹೆಚ್ಚಿಸುವವರು ವಿನಾಯಿತಿಯನ್ನು ಕಳೆದುಕೊಳ್ಳುವ ಅಪಾಯವುಂಟು. ಮಿಕ್ಕ ಸೆಟ್ಟುಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್ಲೆಸ್ ವಿಭಾಗದ ಅನುಮತಿಯನ್ನು ಪಡೆಯಲೇಬೇಕು. ಹವ್ಯಾಸಿ ರೇಡಿಯೋ ಲೈಸೆನ್ಸಿಗೆ ಪರೀಕ್ಷೆಯುಂಟು. ಆ ಲೈಸೆನ್ಸಿನಿಂದ ತೋಟದ ವ್ಯಾಪಾರ ವ್ಯವಹಾರಗಳ ಮಾತನ್ನು ಆಡುವಂತಿಲ್ಲ. ಅನುಮತಿಯಿಲ್ಲದ ಸೆಟ್ಟುಗಳು ಆನ್‌ಲೈನಿನಲ್ಲಿ ಮಾರಾಟವಾಗುತ್ತಿದ್ದುದನ್ನು ಕಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಬೆಲೆ ಅಗ್ಗವೆಂದು ಕೊಂಡು ಪೋಲೀಸರ ಅಥವಾ ಅರಣ್ಯ ಇಲಾಖೆಯ ತರಂಗಕ್ಕೆ ಅಡ್ಡಿಯನ್ನುಂಟುಮಾಡಿದರೆ, ಮತ್ತೊಬ್ಬರ ಕಷ್ಟದ ಕೂಗನ್ನು ನಾವೇ ಅಡಗಿಸಿದಂತಾಗುವುದು.

ಮೇಲೆ ಹೇಳಿದ ತೋಟದಲ್ಲಿ ಯಜಮಾನರು ತಮ್ಮ ಲೈಸೆನ್ಸಿನ ಸೆಟ್ಟಿಗೆ ಮುಂದಿನ ಮಳೆಗಾಲದೊಳಗಾಗಿ ಜೀಪಿನ ಚಾವಣಿಯ ಮೇಲೆ ಒಂದು ಏರಿಯಲನ್ನು ಕೂಡಿಸಿದರು. ಅದೇ ತಿರುವಿನ ಕೆಳಗೆ, ಅದೇ ಸ್ಥಳದಲ್ಲಿ ನಿಲ್ಲಿಸಿ ಮಾತನಾಡಿಸಿ ನೋಡಿದಾಗ ಬಂಗಲೆಯಿಂದ ಸ್ಪಷ್ಟವಾಗಿ ಉತ್ತರವು ಬಂದಿತು. ವಾಚಕರೂ ತಮ್ಮ ತೋಟದ ದಾರಿಯನ್ನು ಒಮ್ಮೆ ಹೀಗೆಯೇ ಸುತ್ತಿ, ಎಲ್ಲಿಂದ ಮಾತು ಮುಟ್ಟುವುದು, ಎಲ್ಲಿಂದ ಮುಟ್ಟದು ಎಂಬುದನ್ನು ಬರೆದಿಟ್ಟು, ಆ ಪಟ್ಟಿಯನ್ನು ಮೇಸ್ತ್ರಿಗೂ ಡ್ರೈವರಿಗೂ ತಿಳಿಸತಕ್ಕದ್ದು. ಈ ಕೆಲಸಕ್ಕೆ ಒಂದು ಬೆಳಗಿನ ಹೊತ್ತು ಸಾಕು. ಅದನ್ನು ಮಳೆ ಹಿಡಿಯುವುದಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.