ಕೆಲಸದಾಕೆಗೆ ನಾವು ಮಾಲೀಕರೇ?

ಸಹೋದರಿಯರೇ, ಆರ್.ಟಿ. ನಗರ, ಹೆಬ್ಬಾಳದ ಮನೆಗಳಲ್ಲಿ ಕೆಲಸಕ್ಕೆ ಜನ ಇಟ್ಟುಕೊಂಡವರನ್ನು ‘ಮಾಲೀಕರು’ ಎನ್ನುತ್ತೇವೆ. ಅರಬಿಯ ‘ಮಾಲಿಕ್’ ಎಂದರೆ ಒಡೆಯ. ಮನೆಗೆ ನಾವು ಒಡೆಯರಿರಬಹುದು. ಮನುಷ್ಯರ ಒಡೆಯ ಅಲ್ಲಾಹನೊಬ್ಬನೇ. ಕೂಲಿ ಕೊಟ್ಟು ಕೆಲಸ ಮಾಡಿಸುವವರಿಗೆ ಫಿಕ್‌ಹ್‌ನಲ್ಲಿ ‘ಮುಸ್ತಅಜಿರ್’ ಎನ್ನುತ್ತಾರೆ. ‘ಅಜ್ರ್’, ಅಂದರೆ ಪ್ರತಿಫಲ, ಇದರ ಮೂಲ. ಹೆಸರಿನಲ್ಲೇ ಕೂಲಿಯ ಹೊಣೆಯಿದೆ.

ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಲು ತಂದೆಗೆ ಸೂಚಿಸಿದವಳು ಮನೆಮಗಳು (ಕುರ್‌ಆನ್ 28:26). ತಂದೆ ದುಡಿಮೆಯ ಅವಧಿಯನ್ನು ಮೊದಲೇ ತಿಳಿಸಿದರು, ಕಷ್ಟ ಕೊಡಲು ಬಯಸುವುದಿಲ್ಲವೆಂದೂ ಹೇಳಿದರು.

ಕರ್ನಾಟಕ ಸರಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿದ್ದು 2004ರಲ್ಲಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮಗೆ ಬಾಯಿಪಾಠವಾಗಿದೆ. ಇನ್ನು ಕೆಲಸ, ಕೂಲಿ, ರಜೆಯನ್ನು ಮೊದಲ ದಿನವೇ ಮಾತಾಡಿಕೊಳ್ಳೋಣ. ತಿಂಗಳು ತುಂಬಿದಾಗ ಆಕೆ ಕೇಳುವಂತಾಗಬಾರದು.