ವಾಟ್ಸಾಪಿನಲ್ಲಿ ಕುಟ್ಟಿದ ಬಾಳೆಕಾಯಿ ಹುಡಿ

2021ರ ಮಳೆಗಾಲ. ಕೊರೊನಾದ ಎರಡನೇ ಅಲೆ ಆಗಷ್ಟೇ ಇಳಿದಿತ್ತು, ಬಾಳೆಗೊನೆಯ ದರವೂ ನೆಲ ಕಚ್ಚಿತ್ತು. ಆಗ ಹಿರಿಯ ಕೃಷಿ ಪತ್ರಕರ್ತ ಶ್ರೀಪಡ್ರೆಯವರ ಮುಂದಾಳತ್ವದಲ್ಲಿ ಕೃಷಿಕರ ವಾಟ್ಸಾಪ್ ಗುಂಪಿನಲ್ಲಿ ಬಾಳೆಕಾಯಿ ಹುಡಿಯ ಮಾತು ಶುರುವಾಯಿತು. ‘ಬಾಕಾಹು’ ಎಂಬ ಮುದ್ದಾದ ಮೋಟು ಹೆಸರೂ ಅಂಟಿಕೊಂಡಿತು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ವಿಧಾನ ಹೇಳಿಕೊಟ್ಟರು. ತುಮಕೂರು ಕಡೆಯ ಗೃಹಿಣಿಯೊಬ್ಬರು ಮಾಡಿ ತೋರಿಸಿದರು. ಆ ಜುಲೈ ಮುಗಿಯುವುದರೊಳಗೆ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರ ಈ ಹುಡಿ ಪ್ರಧಾನಿಯವರ ‘ಮನ್ ಕಿ ಬಾತ್’ವರೆಗೂ ಹೋಯಿತು.

ಕೇಳಲು ಸುಲಭ: ಸಿಪ್ಪೆ ತೆಗೆ, ಹೆಚ್ಚು, ಒಣಗಿಸು, ಪುಡಿ ಮಾಡು. ಆದರೆ ಹೆಚ್ಚಿದ ಬಾಳೆಕಾಯಿ ಗಾಳಿ ತಾಗಿದೊಡನೆ ಕಪ್ಪಾಗುತ್ತದೆ. ಪಲ್ಯಕ್ಕೆ ಹೆಚ್ಚುವಾಗ ಮಜ್ಜಿಗೆ ನೀರಿಗೆ ಹಾಕುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದೇ. ಹೋಳು ದಪ್ಪವಾದರೆ ಒಳಗೆ ಹಸಿ ಉಳಿದು ಬೂಸ್ಟು ಬರುತ್ತದೆ. ಮುರಿದರೆ ‘ಚಟ್’ ಎನ್ನಬೇಕು. ಕರಾವಳಿಯ ಜುಲೈಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಇಂಥ ತೊಡಕುಗಳಿಗೆ ರೆಸಿಪಿ ಸಾಲದು, ಮಾಡಿ ನೋಡಿದವರು ಬೇಕು. ಕಪ್ಪಾದ ಹೋಳಿನ ಫೋಟೊ ಬೆಳ್ಳಗಿನ ಹುಡಿಯ ಫೋಟೊಗಿಂತ ಹೆಚ್ಚು ಕಲಿಸುತ್ತದೆ.

ಮಾಡಿ ನೋಡಿದ್ದನ್ನು ಹಂಚಿಕೊಳ್ಳುವ ಈ ಅಭ್ಯಾಸ ವಾಟ್ಸಾಪಿನಿಂದ ಬಂದದ್ದಲ್ಲ ಎನ್ನುವುದು ನನ್ನ ತಕರಾರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತ್ತು. ಎಷ್ಟು ಹಾಕಿದೆ, ಏನಾಯಿತು, ಖರ್ಚೆಷ್ಟು ಎಂದು ಬರೆಯುವುದನ್ನು ತೋಟದವರು ಅಲ್ಲೇ ರೂಢಿಸಿಕೊಂಡರು. ಅಲ್ಲಿ ಪ್ರಶ್ನೆಗೆ ಉತ್ತರ ಬರಲು ಮುಂದಿನ ತಿಂಗಳ ಸಂಚಿಕೆ ಬರಬೇಕಿತ್ತು. ಮೊಬೈಲಿನಲ್ಲಿ ಮಧ್ಯಾಹ್ನದ ಊಟದೊಳಗೆ ಸಿಗುತ್ತದೆ. ವ್ಯತ್ಯಾಸ ಅಷ್ಟೇ.

ಅಷ್ಟೇ ಅಲ್ಲ, ಇನ್ನೊಂದಿದೆ. ಹಳೆಯ ಸಂಚಿಕೆ ಕಪಾಟಿನಲ್ಲಿರುತ್ತದೆ. ಗುಂಪಿನ ಉತ್ತರವೋ, ಹತ್ತಿಪ್ಪತ್ತು ‘ಶುಭೋದಯ’ಗಳ ಕೆಳಗೆ ಹೂತುಹೋಗುತ್ತದೆ. ಆಗೆಲ್ಲ ಒಂದು ಗುಂಪಿಗೆ 256 ಜನರ ಮಿತಿ ಬೇರೆ. ತುಂಬಿತೆಂದು ಇನ್ನೊಂದು ತೆರೆದರೆ ಅಲ್ಲಿ ಮತ್ತೆ ‘ಹುಡಿ ಯಾಕೆ ಕಪ್ಪಾಯಿತು?’ ಎಂಬಲ್ಲಿಂದಲೇ ಶುರು. ಬಾಕಾಹುವಿಗೆ ಪತ್ರಕರ್ತರ ಕಣ್ಣಿತ್ತು, ಬಂದದ್ದನ್ನು ಜರಡಿ ಹಿಡಿಯುವವರಿದ್ದರು. ಅಡ್ಮಿನ್ ಎಂದರೆ ಸದಸ್ಯರನ್ನು ಸೇರಿಸುವವ, ತೆಗೆಯುವವ ಎಂದಷ್ಟೇ ತಿಳಿದ ಗುಂಪುಗಳಲ್ಲಿ ಮಾಡಿ ನೋಡಿದವರ ಮಾತಿಗೂ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎನ್ನುವ ಹೆಸರಿಲ್ಲದ ಫಾರ್ವರ್ಡಿಗೂ ಒಂದೇ ಬೆಲೆ. ಎರಡಕ್ಕೂ ಅದೇ ಹೆಬ್ಬೆರಳು.