ಪಾರ್ಕ್ ಒಳಗೆ ರಸ್ತೆ ಬೇಡ ಅಂದ್ರು, ಟ್ರಾಫಿಕ್ ಏನಾಯ್ತು?

ನಿಮ್ಮ ಏರಿಯಾದ ಪಾರ್ಕ್ ಮಧ್ಯದಿಂದ ರಸ್ತೆ ಮುಂದುವರಿಸ್ತೀವಿ ಅಂತ ಸರ್ಕಾರ ಹೇಳ್ತು ಅಂದ್ಕೊಳ್ಳಿ. ನೀವು ಬೇಡ ಅಂತೀರಿ. ತಕ್ಷಣ ಬರೋ ಪ್ರಶ್ನೆ ಒಂದೇ: "ಹಾಗಾದ್ರೆ ಇಷ್ಟೊಂದು ಗಾಡಿ ಎಲ್ಲಿ ಹೋಗ್ಬೇಕು?" ಎಷ್ಟೋ ಹೋರಾಟಗಳು ಇಲ್ಲೇ ತಣ್ಣಗಾಗ್ತವೆ. ಇವತ್ತಿನ ಎಪಿಸೋಡ್‌ನಲ್ಲಿ, ಈ ಪ್ರಶ್ನೆಗೆ ಪ್ರಯೋಗ ಮಾಡಿಯೇ ಉತ್ತರ ಕೊಟ್ಟ ಒಂದು ಬಡಾವಣೆ ಬಗ್ಗೆ ಮಾತಾಡೋಣ.

ನ್ಯೂಯಾರ್ಕ್‌ನ ಗ್ರೀನ್‌ವಿಚ್ ವಿಲೇಜ್‌ನಲ್ಲಿ ವಾಷಿಂಗ್ಟನ್ ಸ್ಕ್ವೇರ್ ಅಂತ ಸುಮಾರು 10 ಎಕರೆಯ ಪಾರ್ಕ್ ಇದೆ. ಊರಿನ ದುಬಾರಿ ರಸ್ತೆ ಫಿಫ್ತ್ ಅವೆನ್ಯೂ ಬಂದು ಈ ಪಾರ್ಕಿನ ಕಮಾನಿನ ಎದುರು ಮುಗಿಯುತ್ತೆ. 1950ರ ದಶಕದಲ್ಲಿ ಪಾರ್ಕ್ ಒಳಗೇ ಕಾರುಗಳು ಓಡಾಡ್ತಿದ್ವು, ಬಸ್ಸುಗಳು ತಿರುಗ್ತಿದ್ವು. ನಗರದ ಪಾರ್ಕ್ಸ್ ಕಮಿಷನರ್ ರಾಬರ್ಟ್ ಮೋಸೆಸ್‌ಗೆ ಅದೂ ಸಾಲಲಿಲ್ಲ. ಪಾರ್ಕ್ ದಾಟಿಸಿ ದಕ್ಷಿಣಕ್ಕೆ ದೊಡ್ಡ ರಸ್ತೆ ಒಯ್ಯೋ ಪ್ಲಾನ್ ಮಾಡಿದ್ರು. ಇದರಲ್ಲಿ ದುಡ್ಡಿನ ಲೆಕ್ಕನೂ ಇತ್ತು. ದಕ್ಷಿಣಕ್ಕೆ ಹಳೇ ಕಟ್ಟಡ ಕೆಡವಿ ಹೊಸ ಅಪಾರ್ಟ್‌ಮೆಂಟ್ ಬರೋದಿತ್ತು. ರಸ್ತೆ ಅಲ್ಲೀವರೆಗೆ ಬಂದ್ರೆ ವಿಳಾಸ 'ಫಿಫ್ತ್ ಅವೆನ್ಯೂ' ಆಗುತ್ತೆ. ಬಾಡಿಗೆ ಎಷ್ಟು ಏರುತ್ತೆ ನೀವೇ ಊಹಿಸ್ಕೊಳ್ಳಿ.

1952ರಲ್ಲಿ ಶರ್ಲಿ ಹೇಯ್ಸ್ ಅನ್ನೋ ನಾಲ್ಕು ಮಕ್ಕಳ ತಾಯಿ ಅಕ್ಕಪಕ್ಕದವರನ್ನ ಸೇರಿಸಿ ಸಮಿತಿ ಕಟ್ಟಿದ್ರು, ಸಹಿ ಸಂಗ್ರಹ ಶುರು ಮಾಡಿದ್ರು. ರಸ್ತೆ ಸ್ವಲ್ಪ ಸಣ್ಣದು ಮಾಡೋಣ ಅನ್ನೋ ರಾಜಿ ಮಾತೂ ಬಂತು. ಹೇಯ್ಸ್ ಒಪ್ಪಲಿಲ್ಲ. ಹೊಸ ರಸ್ತೆ ಬೇಡ, ಈಗ ಓಡಾಡ್ತಿರೋ ಕಾರುಗಳೂ ಬೇಡ ಅಂದ್ರು. ಅದೇ ಬಡಾವಣೆಯ ಪತ್ರಕರ್ತೆ ಜೇನ್ ಜೇಕಬ್ಸ್ ಕೂಡ ಜೊತೆಯಾದ್ರು. ಇದನ್ನ ವಿರೋಧಿಸ್ತಿರೋದು ಒಂದಷ್ಟು ಅಮ್ಮಂದಿರು ಮಾತ್ರ ಅಂತ ಮೋಸೆಸ್ ರೇಗಾಡಿದ್ರು ಅಂತ ಜೇಕಬ್ಸ್ ಆಮೇಲೆ ನೆನಪಿಸ್ಕೊಂಡಿದ್ದಾರೆ.

ಪಾರ್ಕ್ ಮುಚ್ಚಿದ್ರೆ ಸುತ್ತಲಿನ ಬೀದಿಗಳಲ್ಲಿ ಗಾಡಿ ಜಾಮ್ ಆಗುತ್ತೆ ಅನ್ನೋದು ಅಧಿಕಾರಿಗಳ ವಾದ. ನಿವಾಸಿಗಳು ಸಿಂಪಲ್ಲಾಗಿ ಕೇಳಿದ್ರು: ಪ್ರಾಯೋಗಿಕವಾಗಿ ಮುಚ್ಚಿ, ಏನಾಗುತ್ತೆ ನೋಡೋಣ. 1958ರ ಕೊನೆಯಲ್ಲಿ ಕಾರುಗಳಿಗೆ ಪಾರ್ಕ್ ಬಂದ್ ಆಯ್ತು. ಹೇಳಿದ ಜಾಮ್ ಬರಲೇ ಇಲ್ಲ. ಸುತ್ತಲಿನ ಬೀದಿಗಳಲ್ಲಿ ಎಣಿಸಿ ನೋಡಿದಾಗ ಟ್ರಾಫಿಕ್ ಹೆಚ್ಚಿರಲಿಲ್ಲ, ಸ್ವಲ್ಪ ಇಳಿದೇ ಇತ್ತು ಅಂತ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಬರೀತಾರೆ. 1959ರಲ್ಲಿ ಆ ನಿರ್ಧಾರ ಕಾಯಂ ಆಯ್ತು.

ಆ ಗಾಡಿಗಳೆಲ್ಲ ಎಲ್ಲಿ ಹೋದ್ವು? ನಾನು ಬಿಕಾಂ ಓದಿದವನು, ಹಾಗಾಗಿ ಡಿಮ್ಯಾಂಡ್ ಲೆಕ್ಕದಲ್ಲೇ ಹೇಳ್ತೀನಿ. ರಸ್ತೆಗೆ ನಾವು ಕೊಡೋ ಬೆಲೆ ಅಂದ್ರೆ ನಮ್ಮ ಟೈಮು. ಬೆಲೆ ಏರಿದ್ರೆ ಕೆಲವರು ಬೇರೆ ದಾರಿ ಹಿಡೀತಾರೆ, ಕೆಲವರು ಮೆಟ್ರೋ ಹತ್ತುತ್ತಾರೆ, ಕೆಲವರು ಆ ಟ್ರಿಪ್ಪನ್ನೇ ಬಿಡ್ತಾರೆ. ಹೊಸ ರಸ್ತೆ ಬಂದ್ರೆ ಇದು ಉಲ್ಟಾ. ಬೆಲೆ ಇಳಿಯುತ್ತೆ, ಮನೇಲಿದ್ದ ಕಾರೂ ಹೊರಗೆ ಬರುತ್ತೆ, ಸ್ವಲ್ಪ ಕಾಲದಲ್ಲಿ ಅದೂ ತುಂಬುತ್ತೆ. ಇದಕ್ಕೆ 'ಇಂಡ್ಯೂಸ್ಡ್ ಡಿಮ್ಯಾಂಡ್' ಅಂತಾರೆ.

ಎಲ್ಲಾ ಕಡೆ ಹೀಗೇ ಆಗುತ್ತೆ ಅಂತಲ್ಲ. ಆಂಬುಲೆನ್ಸೂ ಹೋಗೋಕಾಗದ ಬಡಾವಣೆಗೆ ರಸ್ತೆ ಬೇಕೇ ಬೇಕು. ಅದಕ್ಕೇ ಟ್ರಯಲ್ ಮುಖ್ಯ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು, ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ಪ್ರಯೋಗ ಮಾಡಿದ್ರು. ಅಂದ್ರೆ ನಮ್ಮಲ್ಲೂ ಇದು ಆಗದ ಮಾತೇನಲ್ಲ.

ನಾಳೆ ನಿಮ್ಮ ಏರಿಯಾಗೆ ರಸ್ತೆ ಪ್ಲಾನ್ ಬಂದ್ರೆ, "ಬೇಡ" ಅನ್ನೋದರ ಜೊತೆ ಇನ್ನೊಂದು ಮಾತು ಕೇಳಿ: ಈಗ ಎಷ್ಟು ಗಾಡಿ ಓಡ್ತಿವೆ, ಯಾರು ಎಣಿಸಿದ್ರು, ಆ ಲೆಕ್ಕ ನಮಗೂ ತೋರಿಸ್ತೀರಾ? ಅಭಿಪ್ರಾಯವನ್ನ ತಳ್ಳಿಹಾಕೋದು ಸುಲಭ, ಎಣಿಸಿದ ಲೆಕ್ಕವನ್ನ ತಳ್ಳಿಹಾಕೋದು ಕಷ್ಟ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.